ಸವಣೂರಿನ ಬಳ್ಳಿ, ಹಸಿರೆಲೆಯ ಬಾಟಲಿ

ಹಸಿರು ಎಲೆಯ ಚಿತ್ರ ಕಂಡರೆ ಸಾಕು, ನನ್ನ ಬುದ್ಧಿಗೆ ಮಂಕು ಕವಿಯುತ್ತದೆ. ಸಾಬೂನಿನ ಮೇಲಿರಲಿ, ಬಿಸ್ಕಿಟ್ ಪೊಟ್ಟಣದ ಮೇಲಿರಲಿ, ಪಕ್ಕದಲ್ಲಿ ‘ನೈಸರ್ಗಿಕ’ ಎಂದಿದ್ದರೆ ಮುಗಿಯಿತು, ಮುಂದಿನ ಅಕ್ಷರ ಓದುವುದೇ ಇಲ್ಲ. ಇಂಥ ನಾನು ಶಿಗ್ಗಾಂವದ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆಂದು ದಯವಿಟ್ಟು ಯಾರಿಗೂ ಹೇಳಬೇಡಿ.

ನಮ್ಮ ಹಿತ್ತಲಲ್ಲೊಂದು ವೀಳ್ಯದೆಲೆಯ ಬಳ್ಳಿ ಇದೆ. ನನ್ನ ಹೆಂಡತಿಯ ತಾಯಿ ಸವಣೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟದ್ದು. ಮಗಳನ್ನು ಒಪ್ಪಿಸುವಾಗಲೂ ಅತ್ತೆ ನನಗೆ ಈ ಬಳ್ಳಿಯ ಬಗ್ಗೆ ಹೇಳಿದಷ್ಟು ಬುದ್ಧಿಮಾತು ಹೇಳಿರಲಿಲ್ಲ. ಬಂದಾಗಲೆಲ್ಲ ಊಟವಾದ ಮೇಲೆ ತಾವೇ ಎಲೆ ಹರಿದು, ಸೆರಗಿಗೆ ಒರೆಸಿ, ಸುಣ್ಣ ಹಚ್ಚಿ ಬಾಯಿಗಿಡುತ್ತಾರೆ. ಹೋದ ವರ್ಷ ಆ ಬಳ್ಳಿಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿತು. ಅಂಗಡಿಗೆ ಓಡಿ, ಹಸಿರೆಲೆಯ ಚಿತ್ರವಿದ್ದ ಹುಳದ ಔಷಧದ ಬಾಟಲಿ ತಂದೆ. ಭಾನುವಾರ ಬೆಳಿಗ್ಗೆ ಬಳ್ಳಿಗೆ ಅದರಿಂದ ಸ್ನಾನವೇ ಮಾಡಿಸಿದೆ.

ಮಧ್ಯಾಹ್ನ ಅತ್ತೆ ಹೇಳದೆ ಕೇಳದೆ ಬಂದಿಳಿದರು. ಊಟ ಮುಗಿಸಿ ಹಿತ್ತಲಿಗೆ ಹೋಗಿ, ಎಲೆ ಹರಿದು ಸುಣ್ಣ ಹಚ್ಚತೊಡಗಿದರು.

“ತಿನ್ರಿ ಅತ್ತಿ, ಮುಂಜಾನೆನ ಔಷಧ ಹೊಡದೇನಿ, ಒಂದ ಹುಳಾ ಇಲ್ಲ,” ಎಂದೆ ಜಂಬದಿಂದ.

ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ಪಕ್ಕದ ಮನೆಯ ಪಾರವ್ವ ಎದ್ದು ನಿಂತಳು. ಮಾಸೂರಿನ ಹೊಲಗಳಲ್ಲಿ ವರ್ಷಗಟ್ಟಲೆ ದುಡಿದು, ಇಂಥ ಔಷಧಗಳನ್ನು ಬಲ್ಲವಳು.

“ಯವ್ವಾ, ಬಾಯಾಗ ಇಡಬ್ಯಾಡ್ರಿ!”

“ಏನೂ ಆಗೂದಿಲ್ಲ ಪಾರವ್ವ, ಪೂರಾ ನೈಸರ್ಗಿಕ ಐತಿ.”

“ನಾಗರಹಾವಿನ ವಿಷಾ ಏನ್ ಫ್ಯಾಕ್ಟರಿಯಾಗ ಮಾಡ್ತಾರೇನ್ರಿ ಸರ? ಬಾಟ್ಲಿ ಹಿಂದ ಏನ್ ಬರದಾರ, ಅದನ್ನರ ಓದ್ರಿ.”

ಬಾಟಲಿ ತಂದೆ; ನನ್ನ ಕಣ್ಣಿಗೆ ನಿಲುಕದ ಸಣ್ಣ ಅಕ್ಷರವನ್ನು ಅತ್ತೆಯೇ ಗಟ್ಟಿಯಾಗಿ ಓದಿದರು: ಸಿಂಪಡಿಸಿದ ಎಲೆಗಳನ್ನು ಐದು ದಿನ ತಿನ್ನಬಾರದು. ಓದಿ, ಎಲೆಯನ್ನು ಮೆಲ್ಲಗೆ ಕೆಳಗಿಟ್ಟರು.

“ಅಳಿಯಂದ್ರ, ನನ್ನ ಮ್ಯಾಲೆ ಏನರ ಸಿಟ್ಟಿತ್ತೇನ್ರಿ?”

ಹೆಂಡತಿ ನಕ್ಕಳು, ಪಾರವ್ವ ನಕ್ಕಳು. ನಾನು ಆ ಎಲೆಯನ್ನೆತ್ತಿ ಕಸದ ಬುಟ್ಟಿಗೆ ಹಾಕಿದೆ. ಗೋಡೆಯ ಹತ್ತಿರ ಹೋಗಿ ಪಾರವ್ವನಿಗೆ ಕೈಮುಗಿದೆ. “ಸಾಕ್ ಬಿಡ್ರಿ ಸರ,” ಎಂದು ಅವಳು ಸುಣ್ಣದಷ್ಟೇ ಬೆಳ್ಳಗಾಗಿದ್ದ ನನ್ನ ಮುಖ ನೋಡಿ, ಹುಳಕ್ಕೆ ನೀರು ಜೋರಾಗಿ ಹಾರಿಸಿ ತೊಳೆದರೆ ಸಾಕೆಂದು ಹೇಳಿಕೊಟ್ಟಳು. ಅವಳು ಆಗ ಪಾತ್ರೆ ತಿಕ್ಕಲು ಕೂತಿರದಿದ್ದರೆ ಏನು ಗತಿ ಎಂದು ನೆನೆದಾಗಲೆಲ್ಲ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಈಗ ಬಳ್ಳಿ ಹುಲುಸಾಗಿದೆ. ಕೊಯ್ದ ಎಲೆಯ ಮೊದಲ ಕಟ್ಟು ಪಾರವ್ವನ ಮನೆಗೇ ಹೋಗುತ್ತದೆ. ಅತ್ತೆಯೂ ತಪ್ಪದೆ ಬರುತ್ತಾರೆ. ಆದರೆ ಸವಣೂರಿನಲ್ಲಿ ಬಸ್ ಹತ್ತುವ ಮೊದಲು ಫೋನ್ ಮಾಡಿ, ಎಲೆ ತಿನ್ನಬಹುದೋ ಇಲ್ಲವೋ ಎಂದು ಕೇಳುವುದು ರಸಾಯನಶಾಸ್ತ್ರದ ಮೇಷ್ಟ್ರನ್ನಲ್ಲ, ಪಾರವ್ವನನ್ನು.