ಅಲಮೇಲಮ್ಮನವರ ಅನಾಮಿಕಾಸ್ತಂಭನ ಪ್ರಸಂಗ

ಅಂಗಡಿಯ ಪೊಟ್ಟಣವನ್ನೇ ಕೃಷ್ಣನ ಮುಂದಿಟ್ಟು ಕೈ ಮುಗಿಯುವ ಈ ಘೋರ ಕಲಿಯುಗದಲ್ಲಿ, ಎಲೌ ವಾಗ್ದೇವಿ, ಚಕ್ಕುಲಿಯನ್ನು ಕೈಯಾರೆ ಒತ್ತಿದ ವೀರರಮಣಿಯೊಬ್ಬಳ ಕಥೆಯನ್ನು ನನ್ನಿಂದ ಹೇಳಿಸು! ಪಿಷ್ಟಮರ್ದನಪ್ರಚಂಡೆ, ತಪ್ತತೈಲಕಟಾಹಭಯಂಕರಿ, ಸಮಸ್ತನಾದಿನೀಗರ್ವಭಂಜನಿ ಎಂದು ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹೆಸರಾದ ಅಲಮೇಲಮ್ಮ, ಮದುವೆಯಾಗಿ ಬಂದಂದಿನಿಂದ ಶ್ರೀಜಯಂತಿಯ ಚಕ್ಕುಲಿಯನ್ನು ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಅತ್ತೆ ಕೊಟ್ಟ ಮರದ ಚಕ್ಕುಲಿ ಒರಳೇ ಅವಳ ಗಾಂಡೀವ. ಅದು ಕೈಬಿಟ್ಟರೆ ಈ ಮನೆಯಲ್ಲಿ ತನ್ನನ್ನು ಕೇಳುವವರು ಯಾರು ಎಂಬ ಭಯವೊಂದು ಮಾತ್ರ ಆ ನಿರ್ಭೀತೆಯನ್ನು ಕಾಡುತ್ತಿತ್ತು.

ಅಂಥವಳ ಬಲಗೈಯ ಅನಾಮಿಕೆ, ಎಂದರೆ ಉಂಗುರದ ಬೆರಳು, ಆಷಾಢದಿಂದಲೇ ದಂಗೆ ಎದ್ದಿತ್ತು. ಬೆಳಗ್ಗೆ ಏಳುವಾಗ ಮಡಿಚಿದ್ದು ಮಡಿಚಿದಂತೆಯೇ ಇರುತ್ತಿತ್ತು. ಎಡಗೈಯಿಂದ ಎಳೆದರೆ 'ಟಕ್' ಎಂದು ಬಿಚ್ಚಿಕೊಳ್ಳುತ್ತಿತ್ತು. ಈ ರಾಜರಹಸ್ಯವನ್ನು ಅವಳು ಸೆರಗಿನ ಮರೆಯಲ್ಲಿ ಕಾಪಾಡಿಕೊಂಡು ಬಂದಳು.

ಹಬ್ಬದ ಹಿಂದಿನ ದಿನ ಎಣ್ಣೆ ಕಾಯಿತು, ಒರಳು ಮೇಲೆದ್ದಿತು. ಎರಡನೆಯ ಚಕ್ಕುಲಿ ಅರ್ಧ ಸುತ್ತು ಬರುವಷ್ಟರಲ್ಲಿ ಬೆರಳು ಒರಳಿನ ಹಿಡಿಯನ್ನು ಅಪ್ಪಿಕೊಂಡು ಅಲ್ಲೇ ನಿಂತುಬಿಟ್ಟಿತು. ಒಲೆಯ ಬಳಿಯಿದ್ದ ವಾರಗಿತ್ತಿ ವೇದವಲ್ಲಿ ಓಡಿ ಬಂದಳು.

"ಅಕ್ಕ, ಇಲ್ಲಿ ಕೊಡಿ, ನಾನು ಒತ್ತೀನಿ."

ಅದಕ್ಕೆ ವೀರರಮಣಿಯು, "ಎಲೌ ಮುಗ್ಧೆ! ಸೂರ್ಯನು ಪಶ್ಚಿಮದಲ್ಲಿ ಉದಿಸಲಿ, ಸಪ್ತಸಾಗರಗಳು ಬತ್ತಲಿ, ಈ ಕರದಿಂದ ಈ ಆಯುಧವು ಜಾರದು!" ಎಂದು ಗರ್ಜಿಸಿದಳು. ಬಾಯಿಂದ ಹೊರಟದ್ದು ಮಾತ್ರ ಇಷ್ಟೆ: "ಸುಮ್ನಿರೇ, ನಂಗೇನೂ ಆಗಿಲ್ಲ."

ವೇದವಲ್ಲಿ ಮೆಲ್ಲಗೆ ಬೆರಳು ಬಿಡಿಸಿದಳು. ಟಕ್! ಅಲಮೇಲಮ್ಮನ ಕಣ್ಣಲ್ಲಿ ನೀರು ಬಂತು. ನೋವಿಗಿಂತ ಅವಮಾನಕ್ಕೇ ಹೆಚ್ಚು.

ಆಟೋರಥವೇರಿ ಹೋದ ಇಬ್ಬರಿಗೂ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಲಂಗದ ಲಾಡಿಗೆ ಗಂಟು ಬಿದ್ರೆ ಎಳೆಯೋವಾಗ ಒಳಗೇ ಸಿಕ್ಕಿಕೊಳ್ಳುತ್ತಲ್ಲ, ಹಾಗೇ ಇದು. ಬೆರಳನ್ನ ಎಳೆಯೋ ನರ ಊದ್ಕೊಂಡು ಅದರ ಕೊಳವೆ ಬಾಯಲ್ಲಿ ಸಿಕ್ಕಿಕೊಳ್ತಿದೆ. ಇಂಜೆಕ್ಷನ್ ಕೊಟ್ಟು ಪಟ್ಟಿ ಕಟ್ತೀನಿ. ಅದಕ್ಕೂ ಬಗ್ಗದಿದ್ರೆ ಸಣ್ಣದೊಂದು ಆಪರೇಷನ್."

ಸೂಜಿಗೆ ನಮ್ಮ ನಾಯಕಿ ಹೆದರಲಿಲ್ಲ. ಹೆದರಿದ್ದು ಅವರ ಮುಂದಿನ ಮಾತಿಗೆ: "ಕೆಲವು ವಾರ ಏನನ್ನೂ ಬಿಗಿಯಾಗಿ ಹಿಡೀಬಾರದು, ಒತ್ತಬಾರದು."

ಹೀಗೆ ಸಾಮ್ರಾಜ್ಯ ಕೈಬಿಟ್ಟಿತು. ವೇದವಲ್ಲಿ ಅಟ್ಟದಿಂದ ಹಿಡಿ ತಿರುಗಿಸುವ ಹಿತ್ತಾಳೆ ಒರಳನ್ನು ಇಳಿಸಿದಳು. "ಉಪ್ಪು ಮಾತ್ರ ನಾನೇ ಹಾಕೋದು" ಎಂದು ಅಲಮೇಲಮ್ಮ ಹೊಸ ಹಿಟ್ಟಿಗೆ ಎಡಗೈಯಲ್ಲೇ ಅಂದಾಜಿನ ಮೇಲೆ ಉಪ್ಪು ಹಾಕಿ, ಮಣೆಯ ಮೇಲೆ ಕುಳಿತು ಕುಂದು ಹುಡುಕತೊಡಗಿದಳು. ಹಾಳಾದ ಚಕ್ಕುಲಿಗಳು ಒಂದರ ಹಿಂದೊಂದು ಮುಳ್ಳು ಮುರಿಯದೆ ಗುಂಡಗೆ ಇಳಿದವು. ರುಚಿ ನೋಡೋಣವೆಂದರೆ ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಸೋಕಿಸುವಂತಿಲ್ಲ.

ಮಾರನೆಯ ದಿನ ಮಂಗಳಾರತಿ ಮುಗಿಯಿತು. ನೆಂಟರೆಲ್ಲರೂ ತೀರ್ಪಿಗಾಗಿ ಅಲಮೇಲಮ್ಮನ ಮುಖವನ್ನೇ ನೋಡಿದರು. ಅವಳು ಕಟುಮ್ಮೆಂದು ಕಡಿದಳು. ಕಣ್ಣುಗಳು ವಿಜಯೋನ್ಮಾದದಿಂದ ಅರಳಿದವು. ಉಪ್ಪು ಸಾಲದು! ಗರ್ಜಿಸಲೆಂದು ಬಾಯಿ ತೆರೆಯುವಷ್ಟರಲ್ಲಿ ವೇದವಲ್ಲಿ ಕಿವಿಯ ಬಳಿ ಬಗ್ಗಿದಳು.

"ಉಪ್ಪು ನೀವೇ ಅಲ್ವಾ ಅಕ್ಕ ಹಾಕಿದ್ದು? ನಾನು ಯಾರ ಹತ್ರಾನೂ ಹೇಳಿಲ್ಲ."

ಅಲಮೇಲಮ್ಮ ವಾರಗಿತ್ತಿಯ ಮುಖವನ್ನು ಒಮ್ಮೆ ನೋಡಿ, ಪಟ್ಟಿ ಕಟ್ಟಿದ ಬೆರಳನ್ನು ನೆಟ್ಟಗೆ ಎತ್ತಿಕೊಂಡೇ ಇನ್ನೊಂದು ಚಕ್ಕುಲಿ ತೆಗೆದುಕೊಂಡಳು.

"ಚೆನ್ನಾಗ್ ಒತ್ತಿದಾಳೆ, ತಿನ್ನಿ" ಎಂದಳು. "ಈ ವಯಸ್ನಲ್ಲಿ ಬೀಪಿಗೆ ಉಪ್ಪು ಕಮ್ಮಿ ಇದ್ರೇನೇ ಒಳ್ಳೇದು."