ಮಂಚದ ಕೆಳಗಿನ ಆಷಾಢ

ನಮ್ಮ ದೊಡ್ಡಮ್ಮನಿಗೆ ಮೊಬೈಲ್ ಫೋನು ಯಾಕೆ ಬೇಕು ಎಂಬುದು ನಮ್ಮ ಬಂಧುಬಳಗದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ. ಬಸವನಗುಡಿಯ ತಮ್ಮ ಮನೆಯ ಜಗಲಿಯಲ್ಲಿ ನಿಂತು ಅವರು 'ಲೇ' ಎಂದರೆ ಸಾಕು, ಹನುಮಂತನಗರದ ನಮ್ಮ ಫ್ಲ್ಯಾಟಿನಿಂದ ನಾನು 'ಏನು' ಎನ್ನಬಹುದು. ಅವರ ಫೋನು ಬಂದರೆ ನಾನು ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಳ್ಳುತ್ತೇನೆ. ಆದರೂ ಮೆಟ್ರೋದಲ್ಲಿ ಪಕ್ಕ ಕುಳಿತವರಿಗೆ ನಮ್ಮ ಸಂಸಾರದ ಸಮಾಚಾರವೆಲ್ಲ ತಿಳಿದುಹೋಗಿ, ಇಳಿಯುವ ಮುಂಚೆ 'ನಿಮ್ಮ ಯಜಮಾನ್ರ ಮಂಡಿಗೆ ಎಳ್ಳೆಣ್ಣೆ ಹಚ್ಚಿ ನೋಡಿ ಮೇಡಂ' ಎಂದು ಸಲಹೆ ಕೊಟ್ಟೇ ಹೋಗುತ್ತಾರೆ.

ಇದರಲ್ಲಿ ದೊಡ್ಡಮ್ಮನ ತಪ್ಪೇನೂ ಇಲ್ಲ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಅವರು ನಿವೃತ್ತಿಯಾಗುವವರೆಗೂ ಪಿ.ಟಿ. ಟೀಚರ್. ಮೈಕು ಕೊಟ್ಟರೆ ಅವಮಾನವೆಂದು ತಿಳಿಯುತ್ತಿದ್ದರು. ಅವರು 'ಸಾವಧಾನ್' ಎಂದರೆ ಮೈದಾನದ ಹುಡುಗಿಯರಷ್ಟೇ ಅಲ್ಲ, ಗೇಟಿನಾಚೆ ಕಡಲೆಕಾಯಿ ಮಾರುವವನೂ ಕೈ ಇಳಿಬಿಟ್ಟು ನೆಟ್ಟಗೆ ನಿಂತುಬಿಡುತ್ತಿದ್ದ. ನಾನೂ ಅದೇ ಶಾಲೆಯಲ್ಲಿ ಓದಿದವಳು. ಈಗಲೂ ಗಾಂಧಿ ಬಜಾರಿನಲ್ಲಿ ಮೊಮ್ಮಕ್ಕಳಿರುವ ಹೆಂಗಸರೂ ದೊಡ್ಡಮ್ಮನನ್ನು ದೂರದಿಂದ ನೋಡಿದರೆ ಸಾಕು, ಬದನೆಕಾಯಿ ಆರಿಸುವುದನ್ನು ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಇನ್ನು ದೊಡ್ಡಪ್ಪ. ಅವರು ಮಾತನಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೂಕರೇನಲ್ಲ, ಪಾಪ, ನಡುವೆ ಸಂದು ಸಿಕ್ಕಿರಲಿಲ್ಲ.

ಇಂಥ ಮನೆಗೆ ನಾನು ಸದ್ದಿಗೆ ಹೆದರುವ ನಾಯಿಯೊಂದನ್ನು ತಂದು ಬಿಟ್ಟೆ. ಬುದ್ಧಿ ಇದ್ದವರು ಮಾಡುವ ಕೆಲಸವೇ ಇದು?

ಆದದ್ದು ಹೀಗೆ. ನಮ್ಮ ಬೀದಿಯಲ್ಲಿ ಮನೆ ಖಾಲಿ ಮಾಡಿದವರು ಯಾರೋ ತಮ್ಮ ನಾಯಿಯನ್ನು ಗೇಟಿಗೆ ಕಟ್ಟಿಹಾಕಿ ಹೋಗಿಬಿಟ್ಟಿದ್ದರು. ಪಕ್ಕದಲ್ಲೇ ಮನೆ ಕಟ್ಟುತ್ತಿದ್ದರು. ಕಾಂಕ್ರೀಟ್ ಮಿಕ್ಸರ್ ಗಡಗಡ ಎಂದಾಗಲೆಲ್ಲ ನಾಯಿ ಗೋಡೆಯೊಳಗೆ ಹೋಗಲು ಪ್ರಯತ್ನಿಸುತ್ತಿತ್ತು. ನಾವು ನಾಲ್ಕಾರು ಜನ ಸೇರಿ ಬಿಡಿಸಿಕೊಂಡೆವು. ಖಾಯಂ ಮನೆ ಸಿಗುವ ತನಕ ಯಾರಾದರೂ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಈಗಿನವರು 'ಫಾಸ್ಟರ್ ಮಾಡೋದು' ಅನ್ನುತ್ತಾರೆ. ನಮ್ಮ ಫ್ಲ್ಯಾಟಿನವರು ಒಪ್ಪಲಿಲ್ಲ. ಉಳಿದದ್ದು ದೊಡ್ಡಮ್ಮನ ಮನೆ.

ಆ ಮನೆಗೂ ಒಂದು ದೋಷವಿತ್ತು. ಎದುರಿಗೇ ಮದುವೆ ಛತ್ರ. ಮುಹೂರ್ತವಿದ್ದ ದಿನ ಡೋಲಿನ ಏಟಿಗೆ ದೊಡ್ಡಮ್ಮನ ಅಡುಗೆಮನೆಯ ಡಬ್ಬಗಳು ಶೆಲ್ಫಿನ ಮೇಲೆ ಜಾಗ ಬದಲಾಯಿಸುತ್ತವೆ. ಆದರೆ ಆಗ ಆಷಾಢ. ಆಷಾಢದಲ್ಲಿ ಯಾರು ಮದುವೆಯಾಗುತ್ತಾರೆ? ಛತ್ರದ ವಾಚ್‌ಮನ್ ಬಾಗಿಲಿಗೆ ಅಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದ. ಅಷ್ಟೇ ಅಲ್ಲಿಯ ಸದ್ದು.

'ಶ್ರಾವಣ ಬರೋಷ್ಟರಲ್ಲಿ ಇದಕ್ಕೊಂದು ಮನೆ ನೋಡ್ಬಿಡ್ಬೇಕು ದೊಡ್ಡಮ್ಮ. ಮೊದಲ ಮುಹೂರ್ತಕ್ಕೇ ಇದರ ಎದೆ ಒಡೆದು ಹೋಗುತ್ತೆ,' ಎಂದೆ.

'ಅದೆಷ್ಟೊತ್ತಿನ ಕೆಲಸ ಬಿಡೆ,' ಎಂದು ನಕ್ಕ ದೊಡ್ಡಮ್ಮ, ನಾಯಿಯತ್ತ ತಿರುಗಿ ಪ್ರೀತಿಯಿಂದ 'ಬಾರೋ ಮರಿ' ಎಂದರು. ಅವರ ಮಟ್ಟಿಗೆ ಅದು ಮೆಲುದನಿ. ನಾಯಿ ಮಾಯವಾಯಿತು. ಹುಡುಕಿದರೆ ದೊಡ್ಡಪ್ಪನ ಮಂಚದ ಕೆಳಗೆ, ಗೋಡೆಯ ಮೂಲೆಗೆ ಒತ್ತಿಕೊಂಡು ಗಡಗಡ ನಡುಗುತ್ತಿತ್ತು. ಸಂಜೆಯಾದರೂ ಹೊರಗೆ ಬರಲಿಲ್ಲ.

ದೊಡ್ಡಮ್ಮ ನೆಲದ ಮೇಲೆ ಮಲಗಿ ಮಂಚದ ಕೆಳಗೆ ಇಣುಕಿದರು. ಬಹಳ ಹೊತ್ತು ನೋಡಿದರು. ಆಮೇಲೆ, ನಾನು ಹುಟ್ಟಿದಾಗಿನಿಂದ ಕೇಳಿರದ ಒಂದು ಸಣ್ಣ ದನಿಯಲ್ಲಿ, 'ನಂಗೇ ಹೆದರ್ಕೊಂಡ್ತೇನೇ ಇದು?' ಎಂದು ಕೇಳಿದರು. ತಲೆಮಾರುಗಳ ಹುಡುಗಿಯರನ್ನು ಹೆದರಿಸಿ ಹೆಮ್ಮೆಪಟ್ಟವರು, ಒಂದು ನಾಯಿ ಹೆದರಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡು ಊಟ ಬೇಡ ಎಂದರು.

ಮರುದಿನದಿಂದ ಆ ಮನೆಯಲ್ಲಿ ಪಿಸುಮಾತು ಜಾರಿಗೆ ಬಂತು. ನಾಯಿ ಯಾವುದಕ್ಕೆಲ್ಲ ಹೆದರುತ್ತದೆ ಎಂದು ನೋಡಿದರೆ, ಹೆದರದೇ ಇರುವುದು ಯಾವುದಕ್ಕೆ ಎಂದು ಕೇಳುವಂತಿತ್ತು. ಕುಕ್ಕರಿನ ವಿಷಲ್, ಕಸದ ಗಾಡಿಯ ಹಾಡು, ದೊಡ್ಡಪ್ಪನ ಸೀನು, ಹಪ್ಪಳ ಮುರಿಯುವ ಸದ್ದು. ತನ್ನದೇ ಬಾಲ ಮಂಚದ ಕಾಲಿಗೆ ತಗುಲಿದರೂ ಬೆಚ್ಚಿಬೀಳುತ್ತಿತ್ತು. ಕುಕ್ಕರ್ ಅಟ್ಟಕ್ಕೆ ಹೋಯಿತು. ಮಿಕ್ಸಿ ನಿಂತಿತು, ಚಟ್ನಿಯ ಜಾಗಕ್ಕೆ ಚಟ್ನಿಪುಡಿ ಬಂತು. ಸ್ಟೀಲಿನ ತಟ್ಟೆ ಲೋಟಗಳೆಲ್ಲ ಗಂಟುಕಟ್ಟಿಸಿಕೊಂಡು ಅಟ್ಟ ಹತ್ತಿ, ಪ್ಲಾಸ್ಟಿಕ್ಕಿನವು ಕೆಳಗಿಳಿದವು. ಗೇಟಿಗೆ ಒಂದು ರಟ್ಟು ತೂಗಿತು: 'ಬೆಲ್ ಒತ್ತಬೇಡಿ. ಬಾಗಿಲು ತಟ್ಟಬೇಡಿ. ಕಾಯಿರಿ.' ಕೊರಿಯರಿನವನೊಬ್ಬ ಹಾಗೇ ಕಾದು ಕಾದು, ಜಗಲಿಯ ಮೇಲೆ ಪೇಪರು ಓದಿ ಮುಗಿಸಿ, ಪದಬಂಧವನ್ನೂ ತುಂಬಿಸಿ ಹೋದ.

ಆದರೆ ನಿಜವಾದ ಪವಾಡ ಊಟದ ಹೊತ್ತಿನಲ್ಲಿ ನಡೆಯಿತು. ದೊಡ್ಡಪ್ಪ ಮಾತನಾಡಿದರು.

'ಸಾರಿಗೆ ಉಪ್ಪು ಕಡಿಮೆ,' ಎಂದರು.

ನಾನು ಕೈಯ ತುತ್ತನ್ನು ಹಾಗೇ ಹಿಡಿದು ಕುಳಿತೆ. ದೊಡ್ಡಮ್ಮ ಪಿಸುಗುಟ್ಟಿದರು, 'ಇಷ್ಟು ವರ್ಷ ಆದ್ಮೇಲೆ ಈಗ್ ಹೇಳ್ತಿದೀರಲ್ಲ?'

'ಆಗ್ಲೂ ಹೇಳ್ದೆ. ನಿಂಗೆ ಕೇಳಿಸ್ಲಿಲ್ಲ.'

ಆವತ್ತು ಶುರುವಾದದ್ದು ನಿಲ್ಲಲೇ ಇಲ್ಲ. ಸಾರು, ರಾಜಕೀಯ, ಷಡ್ಡಕನ ಜಿಪುಣತನ, ನಮ್ಮ ಮದುವೆಯ ಮೈಸೂರುಪಾಕು ಗಟ್ಟಿಯಾಗಿದ್ದದ್ದು, ಎಲ್ಲಕ್ಕೂ ಅವರ ಬಳಿ ಅಭಿಪ್ರಾಯಗಳಿದ್ದವು. ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ಗೊಣಗು ಒಂದೇ ಸಮನೆ, ಏರಿಳಿತವಿಲ್ಲದೆ ಸಾಗುತ್ತಿತ್ತು. ಅದು ನಾಯಿಗೆ ಹಿಡಿಸಿತು. ದೊಡ್ಡಪ್ಪ ಮಾತು ಶುರು ಮಾಡಿದರೆ ಮಂಚದಡಿಯಿಂದ ಒಂದು ಮೂತಿ ಹೊರಗೆ ಬರುತ್ತಿತ್ತು. ಅಷ್ಟೇ. ತಾನಾಗಿ ಯಾರ ಮೈಯನ್ನೂ ಅದು ಮುಟ್ಟಲಿಲ್ಲ. ಒಂದು ಸಲವೂ ಬೊಗಳಲಿಲ್ಲ.

ಇತ್ತ ಮನೆ ಹುಡುಕುವ ಕೆಲಸ ನಡೆದಿತ್ತು. ಮೊದಲು ಬಂದವರು ಮಲ್ಲೇಶ್ವರದ ಒಬ್ಬ ದೊಡ್ಡ ಮೀಸೆಯ ಯಜಮಾನರು. ಬಗ್ಗಿ ಮಂಚದ ಕೆಳಗೆ ನೋಡಿ, 'ಕಳ್ಳ ಬಂದ್ರೆ ಬೊಗಳುತ್ತಾ?' ಎಂದು ಕೇಳಿದರು.

'ಕಳ್ಳ ಬಂದ್ರೆ ಮೊದ್ಲು ನೀವು ಇದನ್ನ ಬಚ್ಚಿಡ್ಬೇಕು ಸಾರ್. ಆಮೇಲೆ ನಿಮ್ಮ ಒಡವೆ,' ಎಂದರು ದೊಡ್ಡಮ್ಮ. ಯಜಮಾನರು ಕಾಫಿ ಕುಡಿದು ಎದ್ದರು.

ಆಮೇಲೆ ಬಂದವರೆಲ್ಲ ಒಳ್ಳೆಯವರೇ. ಚಾಮರಾಜಪೇಟೆಯ ಒಬ್ಬಾಕೆಯಂತೂ ನಾಯಿಗಾಗಿ ಮೆತ್ತನೆಯ ಹಾಸಿಗೆಯನ್ನೇ ಹೊಲಿಸಿಟ್ಟಿದ್ದರು. ಎಲ್ಲವೂ ಕೂಡಿಬಂತು ಎನ್ನುವಾಗ ಎದ್ದು ಸೆರಗು ಸರಿಮಾಡಿಕೊಂಡು, 'ಆಷಾಢ ಕಳೀಲಿ ಮೇಡಂ. ಶ್ರಾವಣದಲ್ಲಿ ಒಳ್ಳೆ ದಿನ ನೋಡಿ ಕರ್ಕೊಂಡ್ ಹೋಗ್ತೀವಿ,' ಎಂದರು.

ಎಲ್ಲರದೂ ಇದೇ ಮಾತು! ಆಷಾಢದಲ್ಲಿ ಹೊಸ ಚಮಚವನ್ನೂ ಮನೆಗೆ ತರದ ಜನ, ನಾಯಿಯನ್ನು ತರುತ್ತಾರೆಯೇ? ಆಷಾಢ ಮುಗಿಯುವ ಮುಂಚೆ ಅದು ಹೋಗಬೇಕು, ಆಷಾಢ ಮುಗಿಯುವ ತನಕ ಅದನ್ನು ಯಾರೂ ಒಯ್ಯುವುದಿಲ್ಲ. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟು ದೊಡ್ಡ ಸಿಟ್ಟನ್ನು ಪಿಸುಮಾತಿನಲ್ಲಿ ಆಡುವುದು ಹೇಗೆ? ಅವರು ಬೈಯುವುದು ಸೈಕಲ್ ಟೈರಿನ ಗಾಳಿ ಬಿಟ್ಟ ಹಾಗೆ ಕೇಳಿಸುತ್ತಿತ್ತು.

'ಆಷಾಢಕ್ಕೆ ಹೊಸ ಸೊಸೇನ ತವರಿಗೆ ಕಳಿಸ್ತಾರಲ್ಲ, ಇದೂ ತವರಿಗೆ ಬಂದಿದೆ ಅನ್ಕೋ,' ಎಂದು ದೊಡ್ಡಪ್ಪ ಸಮಾಧಾನ ಹೇಳಿದರು.

'ತವರಿಗೆ ಬಂದೋರಿಗೆ ವಾಪಸ್ ಹೋಗೋಕೆ ಒಂದ್ ಮನೆ ಇರುತ್ತೆ ಕಣ್ರೀ. ಇದಕ್ಕೆಲ್ಲಿದೆ?' ಎಂದ ದೊಡ್ಡಮ್ಮ ಅಡುಗೆಮನೆಗೆ ಹೋಗಿಬಿಟ್ಟರು.

ಭೀಮನ ಅಮಾವಾಸ್ಯೆ ಹತ್ತಿರ ಬಂತು. ಎದುರು ಛತ್ರದ ವಾಚ್‌ಮನ್ ಎದ್ದು ಕುಳಿತ. ಲಾರಿಯಲ್ಲಿ ಕುರ್ಚಿಗಳು ಬಂದವು. ಮುಂಭಾಗಕ್ಕೆ ಸೀರಿಯಲ್ ಸೆಟ್ಟಿನ ದೀಪಗಳನ್ನು ಇಳಿಬಿಟ್ಟರು. ದೊಡ್ಡಮ್ಮ ಕಿಟಕಿಯಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದರು, ನಾಯಿಗೆ ಹಾಲಿನ ಬಟ್ಟಲು ಇಡುತ್ತಿದ್ದರು, ಮತ್ತೆ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು.

ಆಗ ಬಂದರು ನಮ್ಮ ಹನುಮಂತನಗರದವರೇ ಒಬ್ಬ ಗಂಡ ಹೆಂಡತಿ. ಗಂಡ ಅವೆನ್ಯೂ ರಸ್ತೆಯ ಒಂದು ಪೇಪರ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಾತೆಲ್ಲ ಹೆಂಡತಿಯದೇ. ನಾಯಿಯ ಮೂತಿ ಮಂಚದಡಿಯಿಂದ ಸ್ವಲ್ಪವೇ ಕಾಣುತ್ತಿತ್ತು.

ಇಲ್ಲೊಂದು ಗುಟ್ಟು ಹೇಳಬೇಕು. ಪ್ಲಾಸ್ಟಿಕ್ ಲೋಟದಲ್ಲಿ ಕುಡಿದರೆ ಕಾಫಿ ಕಾಫಿಯಾಗಿರುವುದಿಲ್ಲ ಎಂದು ದೊಡ್ಡಪ್ಪನ ನಂಬಿಕೆ. ಆದ್ದರಿಂದ ಒಂದು ಸ್ಟೀಲ್ ಲೋಟವನ್ನು ಅವರು ದೇವರ ಗೂಡಿನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಆವತ್ತು ಅದು ಅವರ ಕೈಯಿಂದ ಜಾರಿತು. ಠಣ್ ಎಂದು ಬಿದ್ದು, ಸುಮ್ಮನಿರದೆ ಮನೆಯ ಉದ್ದಕ್ಕೂ ಉರುಳಿತು.

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ನಾಯಿಯ ಮೂತಿ ಇರಲಿಲ್ಲ. ಕುರ್ಚಿಯಲ್ಲಿ ಆ ಲೆಕ್ಕದವರೂ ಇರಲಿಲ್ಲ.

'ಇವ್ರೆಲ್ಲಿ ಹೋದ್ರು?' ಎಂದೆ ಗಾಬರಿಯಿಂದ.

'ಇಲ್ಲೇ ಎಲ್ಲೋ ಇರ್ತಾರೆ,' ಎಂದರು ಅವರ ಹೆಂಡತಿ, ಆರಾಮವಾಗಿ ಕಾಫಿ ಹೀರುತ್ತ.

ಬಗ್ಗಿ ನೋಡಿದೆವು. ಮಂಚದ ಕೆಳಗೆ ನಾಲ್ಕು ಕಣ್ಣುಗಳು. ಲೆಕ್ಕದವರು ಬೋರಲು ಮಲಗಿ, ನಾಯಿಯ ಕಿವಿಯ ಹತ್ತಿರ, 'ಏನಿಲ್ಲ ಕಣೋ, ಲೋಟ ಅಷ್ಟೇ. ನಂಗೂ ಹಿಂಗೇ ಆಗುತ್ತೆ,' ಎನ್ನುತ್ತಿದ್ದರು. ಯಾರನ್ನೂ ಮುಟ್ಟದ ನಮ್ಮ ನಾಯಿ ಅವರ ಮಣಿಕಟ್ಟಿನ ಮೇಲೆ ಗಲ್ಲ ಊರಿಕೊಂಡಿತ್ತು.

'ದೀಪಾವಳೀಲಿ ಪಟಾಕಿ ಶುರುವಾದ್ರೆ ಇವ್ರು ಸ್ಟೋರ್ ರೂಮ್ ಸೇರ್ಕೊತಾರೆ,' ಎಂದರು ಹೆಂಡತಿ. 'ಒಬ್ರೇ ಕೂತಿರ್ತಾರಲ್ಲ, ಜೊತೆಗೊಬ್ರು ಇರ್ಲಿ ಅಂತ ಹೆದರೋ ನಾಯೀನೇ ಹುಡುಕ್ಕೊಂಡ್ ಬಂದ್ವಿ.'

ದೊಡ್ಡಮ್ಮನ ಮುಖ ಅರಳಿತು. ಹಿಂದೆಯೇ ಬಾಡಿತು. 'ಆಷಾಢ...' ಎಂದರು.

ಮಂಚದ ಕೆಳಗಿನಿಂದ ನಡುಗುವ ದನಿ ಬಂತು. 'ಹೌದು ಕಣೇ. ಆಷಾಢದಲ್ಲಿ ಹೊಸದೇನೂ ತರಬಾರ್ದು ಅಂತಾರೆ ಅಮ್ಮ.'

'ಹೊಸದೆಲ್ರೀ ಇದು?' ಎಂದರು ಹೆಂಡತಿ. 'ಯಾರೋ ಬಿಟ್ಟು ಹೋಗಿರೋದು. ಸೆಕೆಂಡ್ ಹ್ಯಾಂಡ್. ಅದಕ್ಕೆಲ್ಲ ಆಷಾಢ ಇಲ್ಲ.'

ಯಾವ ಶಾಸ್ತ್ರಿಗಳಿಗೂ ಹೊಳೆಯದ ಪರಿಹಾರ! ದೊಡ್ಡಪ್ಪ ತೊಡೆ ತಟ್ಟಲು ಹೋಗಿ, ಸದ್ದಾದೀತೆಂದು ನಿಲ್ಲಿಸಿಕೊಂಡರು.

ನಾಯಿಯನ್ನು ಕಳಿಸಿದ್ದೂ ಒಂದು ಪ್ರಹಸನವೇ. ಆಟೋ ಸ್ಟಾರ್ಟ್ ಮಾಡಲು ದೊಡ್ಡಮ್ಮ ಬಿಡಲಿಲ್ಲ. ಬೀದಿಯ ಕೊನೆಯವರೆಗೆ ಅದನ್ನು ನಾನೂ ಡ್ರೈವರೂ ತಳ್ಳಿದೆವು. ಒಳಗೆ ಲೆಕ್ಕದವರು ನಾಯಿಯನ್ನು ಅಪ್ಪಿಕೊಂಡು, ಇಬ್ಬರೂ ಕಣ್ಣು ಮುಚ್ಚಿ ಕೂತಿದ್ದರು. ನಾಯಿ ಮಲಗುತ್ತಿದ್ದ ಹಳೇ ಸೀರೆಯನ್ನು ದೊಡ್ಡಮ್ಮ ಮಡಿಸಿ ಜೊತೆಗೆ ಕೊಟ್ಟರು. ಕೈ ಬೀಸಲಿಲ್ಲ. ಒಳಗೆ ಹೋಗಿ ಮಂಚದ ಕೆಳಗೆ ಗುಡಿಸಿದರು.

ಅಟ್ಟದಿಂದ ಕುಕ್ಕರ್ ಇಳಿಯಿತು, ಸ್ಟೀಲ್ ಇಳಿಯಿತು. ದೊಡ್ಡಮ್ಮನ ದನಿ ಮಾತ್ರ ಇಳಿದದ್ದು ಮೇಲೇರಲಿಲ್ಲ. 'ಈಗ ಕೂಗ್ಬೋದಲ್ಲೇ,' ಎಂದರು ದೊಡ್ಡಪ್ಪ. 'ಯಾಕೋ ಬರ್ತಾ ಇಲ್ಲ ಕಣ್ರೀ,' ಎಂದರು ಇವರು. ನಾಯಿಯ ಮನೆಗೆ ಫೋನೂ ಮಾಡಲಿಲ್ಲ. ತಮ್ಮ ದನಿ ಕೇಳಿ ಮತ್ತೆ ಹೆದರಿಕೊಂಡರೆ ಎಂದು. ಆ ಹೆಂಡತಿ ಕಳಿಸುತ್ತಿದ್ದ ಫೋಟೋಗಳಲ್ಲಿ ಮಂಚದ ಕೆಳಗಿನ ಕತ್ತಲೆ, ಎರಡು ಕಣ್ಣು, ಕೆಲವೊಮ್ಮೆ ನಾಲ್ಕು. ಅದು ಅಲ್ಲಿ ಹೊಂದಿಕೊಂಡಿತೋ ಇಲ್ಲವೋ ಎಂದು ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಆ ಕತ್ತಲೆಯನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು.

ಶ್ರಾವಣದ ಮೊದಲ ಮುಹೂರ್ತದ ಬೆಳಗ್ಗೆ ನಾನು ಅಲ್ಲೇ ಇದ್ದೆ. ಎದುರಿಗೆ ಗಟ್ಟಿಮೇಳ. ಡಬ್ಬಗಳು ಶೆಲ್ಫಿನ ಮೇಲೆ ನಡೆಯುತ್ತಿದ್ದವು. ಆಗ ದೊಡ್ಡಮ್ಮನಿಗೆ ಫೋನು ಬಂತು. ಆ ಲೆಕ್ಕದವರು. ಮೊದಲೇ ಅವರದು ಪಿಸುದನಿ.

'ಏನು? ಕೇಳಿಸ್ತಿಲ್ಲ,' ಎಂದು ದೊಡ್ಡಮ್ಮ ಅಡುಗೆಮನೆಗೆ ಓಡಿದರು, ಬಚ್ಚಲಿಗೆ ಓಡಿದರು. ಎಲ್ಲೆಲ್ಲೂ ಡೋಲು. 'ಬೊಗಳ್... ಏನು?' ಎಂದರು. ಮರುಕ್ಷಣ ಬೀದಿಗೆ ಇಳಿದಿದ್ದರು. ನಾನು ಹಿಂದೆ ಓಡಿದೆ. ಫೋನು ಹಿಡಿದ ಕೈಯಲ್ಲೇ ಛತ್ರದ ಬಾಗಿಲಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡರು.

'ಸಾವಧಾನ್!'

ಡೋಲು ನಿಂತಿತು. ನಾದಸ್ವರ ಕುಂಯ್ ಎಂದು ಸತ್ತಿತು. ಪುರೋಹಿತರ ಅಕ್ಷತೆಯ ಕೈ ಗಾಳಿಯಲ್ಲೇ ಉಳಿಯಿತು. ಹುಡುಗಿಯ ತಾಯಿ, ಸೋದರತ್ತೆ, ಮುಂದಿನ ಸಾಲಿನ ರೇಷ್ಮೆ ಸೀರೆಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಎದ್ದು, ಕೈಗಳನ್ನು ತೊಡೆಗೆ ಅಂಟಿಸಿ ನಿಂತುಬಿಟ್ಟರು. ನಾನೂ ನಿಂತಿದ್ದೆ.

ಆಗ ದೊಡ್ಡಮ್ಮ ತಮ್ಮ ಕೈಯ ಫೋನನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಆ ಕೂಗು ಪೂರ್ತಿಯಾಗಿ ಅದರೊಳಗೂ ಹೋಗಿತ್ತು. 'ಅಯ್ಯೋ, ಓಡ್ಹೋಯ್ತೇನೋ,' ಎಂದು ಬಾಯಿ ಮುಚ್ಚಿಕೊಂಡರು.

ಆ ನಿಶ್ಶಬ್ದದಲ್ಲಿ ಫೋನಿನಿಂದ ಒಂದು ಬೊಗಳು ಬಂತು. ಒಡಕು ದನಿ, ಅಭ್ಯಾಸವಿಲ್ಲದ್ದು. ಆಮೇಲೆ ಇನ್ನೊಂದು, ಸ್ವಲ್ಪ ಧೈರ್ಯದ್ದು.

'ಓಡಿಲ್ಲ ಮೇಡಂ,' ಎಂದಿತು ಲೆಕ್ಕದವರ ದನಿ. 'ಬೆಳಗ್ಗೆ ಸಿಲಿಂಡರ್‌ನವ್ರು ಬಂದಾಗ್ಲೂ ಹಿಂಗೇ ಬೊಗಳ್ತು. ಮುಂದೆ ನಿಂತಿದೆ. ನಾನೇ ಮಂಚದ ಕೆಳಗಿದೀನಿ.'

ದೊಡ್ಡಮ್ಮ ಅತ್ತರು. ಅಷ್ಟು ಜನರ ಮುಂದೆ, ಸೆರಗು ಅಡ್ಡ ಹಿಡಿಯದೆ, ಅತ್ತರು. 'ಕೇಳಿಸ್ತು ಕಣಪ್ಪ,' ಎಂದರು. 'ನನ್ನ ದನಿಗೆ ಅದು ಹೆದರ್ಲಿಲ್ಲ.'

ಆಮೇಲೆ ಕಣ್ಣೊರೆಸಿಕೊಂಡು, ಇನ್ನೂ ನೆಟ್ಟಗೆ ನಿಂತೇ ಇದ್ದ ಆ ತುಂಬಿದ ಸಭೆಯ ಕಡೆ ತಿರುಗಿ, ಮಗು ಮಲಗಿರುವ ಮನೆಯಲ್ಲಿ ಮಾತನಾಡುವ ಹಾಗೆ ಮೆಲ್ಲಗೆ, 'ವಿಶ್ರಾಮ್' ಎಂದರು.