ನಮ್ಮ ಗೋಡೆಯ ಕೆಂದೆತ್ತು

ಮನೆಯ ಒಳಗೋಡೆ ಯಜಮಾನನದು, ಹೊರಗೋಡೆ ಊರಿನದು. ಈ ಸತ್ಯ ನನಗೆ ತಮಿಳು ಗಡಿಯ ತಾಳವಾಡಿಯಲ್ಲಿ ಮೇಷ್ಟ್ರಾಗಿದ್ದಾಗ, ಎಪ್ಪತ್ತರ ದಶಕದಲ್ಲಿ, ತಿಳಿಯಿತು. ನಮ್ಮ ಮನೆಯ ಹಿಂಗೋಡೆ ಬಸ್ಸು ನಿಲ್ಲುವ ಜಾಗಕ್ಕೆ ಮುಖ ಮಾಡಿತ್ತು. ಘಾಟಿ ಹತ್ತಿ ಬರುವ ಬಸ್ಸು ತಡವಾದಷ್ಟೂ ಕಾಯುವವರ ಬಾಯಲ್ಲಿ ಎಲೆ ಅಡಿಕೆ ಹದವಾಗುತ್ತಿತ್ತು; ಆಮೇಲೆ ಅದೆಲ್ಲ ನಮ್ಮ ಗೋಡೆಗೆ. 'ಇಲ್ಲಿ ಉಗಿಯಬಾರದು' ಎಂದು ಕನ್ನಡದಲ್ಲಿ ಬರೆದೆ, ತಮಿಳಿನಲ್ಲೂ ಬರೆದೆ. ಜನ ಎರಡು ಭಾಷೆಗೂ ಭೇದ ಮಾಡದೆ ಉಗಿದರು. ಕೊನೆಗೆ ನನ್ನ ಹೆಂಡತಿ ಗೌರಮ್ಮ, "ದೀಪಾವಳಿ ಒಳಗ ಈ ಗೋಡ ನೆಟ್ಟಗಾಗ್ನಿಲ್ಲ ಅಂದ್ರ ನಾನು ಜೀರಳ್ಳಿಗೆ ಒಂಟೋಯ್ತೀನಿ" ಎಂದಳು. ಜೀರಹಳ್ಳಿ ಅವಳ ತವರು. ನನಗೋ ಒಲೆ ಹಚ್ಚಲೂ ಬಾರದು.

ಎತ್ತಿನ ಕೊಂಬಿಗೆ, ಗಾಡಿಗೆ ಬಣ್ಣ ಬಳಿಯುವ ಸಿದ್ದಣ್ಣನನ್ನು ಕರೆಸಿದೆ. ಅವನು ಗೋಡೆ ನೋಡಿದ, ಮೇಲಿನ ನನ್ನ ಕಿಟಕಿ ನೋಡಿದ, ಸುಮ್ಮನೆ ನಕ್ಕ. ದೇವರನ್ನು ಬರೆದರೆ ಹೇಗೆ ಎಂದೆ.

"ದೇವ್ರು ಎಲ್ಲಾರ್ಗೂ ಸೇರ್ದೋನು ಮೇಷ್ಟ್ರೇ, ಅದ್ಕೇ ಯಾರೂ ಕಾಯಾಕಿಲ್ಲ" ಎಂದ.

ಒಂದು ವಾರದಲ್ಲಿ ಗೋಡೆಯ ತುಂಬ ಎತ್ತುಗಳು ನಿಂತವು. ಸುಮ್ಮನೆ ಎತ್ತುಗಳಲ್ಲ, ಸುತ್ತೂರಿನವರ ಸ್ವಂತ ಎತ್ತುಗಳು! ವರ್ಷವರ್ಷ ಕೊಂಬು ಹಿಡಿದವನಿಗೆ ಯಾವ ಎತ್ತಿನ ಸುಳಿ ಎಲ್ಲಿ ಎಂದು ಗೊತ್ತಿಲ್ಲವೇ? ಜನ ಬಸ್ಸು ಬಿಟ್ಟು ಗೋಡೆ ನೋಡಿದರು. ಒಬ್ಬ ಅಭ್ಯಾಸಬಲದಿಂದ ಬಾಯಿ ತೆರೆದದ್ದೇ ತಡ, ಪಣಕಹಳ್ಳಿಯ ರೈತನೊಬ್ಬ ಅವನ ರಟ್ಟೆ ಹಿಡಿದು, "ನನ್ನೆತ್ತಿನ ಮೊಕಕ್ಕ ಉಗೀತಿದ್ದಯೇನ್ಲಾ?" ಎಂದ. ಅಂದಿನಿಂದ ಗೋಡೆಗೆ ಊರೆಲ್ಲ ಕಾವಲು. ಗೌರಮ್ಮ ಎತ್ತುಗಳಿಗೆಲ್ಲ ಕುಂಕುಮ ಇಟ್ಟಳು. ನಾನು ಗೆದ್ದೆ ಎಂದು ಎದೆಯುಬ್ಬಿಸಿದೆ.

ಕಿಟಕಿಯ ಕೆಳಗಿನ ಕೆಂದೆತ್ತು ಮಾತ್ರ ಯಾರದೆಂದು ಗೊತ್ತಾಗಲಿಲ್ಲ. ಎಲ್ಲರೆದುರಿಗೆ ಸಿದ್ದಣ್ಣನನ್ನೇ ಕೇಳಿದೆ, ಬುದ್ಧಿ ಇಲ್ಲದೆ.

"ನಿಮ್ದೇ ಕಣ್ರೀ. ಅದ್ರ ಮೈಗ ನಾನು ಬಣ್ಣ ಅಚ್ಚಿಲ್ಲ. ಕಿಟಕಿಂದ ನೀವು ಉಗ್ದಿದ್ದೇ ಅದು. ಕೊಂಬು, ಕಾಲು ಅಷ್ಟೇ ನಂದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೌರಮ್ಮ ತವರಿಗೆ ಹೋಗಲಿಲ್ಲ, ನಿಜ. ನನ್ನ ಎಲೆಚೀಲವನ್ನು ಮಾತ್ರ ಬೀಗ ಹಾಕಿ ಇಟ್ಟಳು.

ಮುಂದಿನ ಮಳೆಗಾಲ ಕಳೆದಾಗ ಕೊಂಬಿನ ಬಣ್ಣದಲ್ಲಿ ಬರೆದ ಎತ್ತುಗಳೆಲ್ಲ ಗಟ್ಟಿಯಾಗಿದ್ದವು. ನನ್ನದು ಮಾತ್ರ ತೊಳೆದುಹೋಗಿ ಬಡಕಲಾಗಿತ್ತು. ಬಸ್ಸಿಗೆ ಕಾದವರು ಕಿಟಕಿಯ ಕೆಳಗೆ ನಿಂತು ಮರುಗಿದರು. ಗೌರಮ್ಮ ಬೀಗ ತೆಗೆದು, ಸುಣ್ಣ ಹಚ್ಚಿದ ಎರಡು ಎಲೆ, ಒಂದು ಹೋಳು ಅಡಿಕೆ ಕೈಗಿತ್ತು, "ಇದೊಂದ್ಸಲ" ಎಂದಳು. ನಾನು ಗಂಭೀರವಾಗಿ ಜಗಿದು, ಕಿಟಕಿಯಿಂದ ಬಗ್ಗಿ, ಗುರಿಯಿಟ್ಟು ಉಗಿದೆ. ನನ್ನ ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಊರು ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ.